ಅತ್ತೆಯ ಕಿವಿ ಮಷೀನು

ನಮ್ಮ ಸೋದರತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಇಳಿಯುವಾಗ ಕಿವಿಯನ್ನೂ ಒಯ್ದಿತ್ತು. ಮದುವೆಯಾದ ವರ್ಷವೇ ಗಂಡನ ಮನೆಯವರು ತಂದು ಬಿಟ್ಟುಹೋದರು. ಅಂದಿನಿಂದ ಶಲವಡಿಯ ನಮ್ಮ ಮನೆಯಲ್ಲೇ ಇದ್ದಳು. ತನ್ನ ದನಿ ತನಗೆ ಕೇಳದ್ದರಿಂದ ಒದರಿಯೇ ಮಾತಾಡುತ್ತಿದ್ದಳು. ನಮ್ಮ ಮುಖ, ಕೈಸನ್ನೆ ನೋಡಿ ವಿಷಯ ತಿಳಿಯುತ್ತಿದ್ದಳು. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು ಅವಳೇ.

ಎಪ್ಪತ್ತರ ದಶಕದ ನಡುವೆ ಅಪ್ಪ ಹುಬ್ಬಳ್ಳಿಯಿಂದ ಅವಳಿಗೊಂದು ಕಿವಿ ಮಷೀನು ತಂದ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಸೆಲ್ ಹಾಕಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡು, ವೈರಿನ ತುದಿಯ ಗುಂಡಿಯನ್ನು ಕಿವಿಗೆ ಇಟ್ಟುಕೊಳ್ಳಬೇಕು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕುಳಿತಿದ್ದ ಅತ್ತೆಗೆ ಅವ್ವನೇ ಅದನ್ನು ಹಾಕಿದಳು. ಅತ್ತೆ ಹಿಟ್ಟಿನ ಮೇಲೆ ಒಮ್ಮೆ ಬಡಿದು ಥಟ್ಟನೆ ಕೈ ತಡೆದಳು.

"ಅಯ್ಯ, ರೊಟ್ಟಿಗೆ ಇಷ್ಟ ಸಪ್ಪಳ ಐತೇನ!"

ತನ್ನ ದನಿಗೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಇಬ್ಬರೂ ಎಷ್ಟು ನಕ್ಕರು!

ವಾರ ಕಳೆದಿರಲಿಕ್ಕಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದೆವು. ಬಾಜೂ ಮನೆಯ ಕಾಕೂ ಬಂದು ಕುಳಿತಳು. ಅವ್ವ ಎಂದಿನ ರೂಢಿಯಂತೆ, ಅತ್ತೆಯ ಕಡೆ ನಗುಮುಖ ಮಾಡಿಕೊಂಡೇ ಕಾಕೂಗೆ ಹೇಳಿದಳು: "ಜಲ್ಮ ಪೂರಾ ಈ ಕೆವುಡೀನ ಕೊರಳಿಗೆ ಕಟಗೊಂಡೇನ್ರಿ. ಯಾವಾಗ ಕಣ್ಣು ಮುಚ್ಚತಾಳೋ!"

ಸೆರಗಿನ ಮರೆಯಲ್ಲಿದ್ದ ಮಷೀನಿನ ನೆನಪೇ ಅವಳಿಗೆ ಇರಲಿಲ್ಲ.

ಅತ್ತೆಯ ಕೈ ನಿಂತಿತು. "ವೈನಿ, ದಿನಾ ಹಿಂಗ ಅಂತಿದ್ರೇನ್ರಿ? ನಾ ನಿಮ್ಮ ಮಾರಿ ನೋಡಿ ನಗತಿದ್ನಲ್ರಿ."

ಒದರಲಿಲ್ಲ; ಮೆಲ್ಲಗೆ ಕೇಳಿದಳು. ಅವ್ವ ಬಗ್ಗಿ ಶೇಂಗಾ ಸಿಪ್ಪೆ ಬಳಿಯತೊಡಗಿದಳು.

ಸಂಜೆ ಅತ್ತೆ ಮಷೀನನ್ನು ಅಪ್ಪನ ಕೈಗಿತ್ತಳು. "ತಲಿ ನೋಯ್ತೈತಣ್ಣಾ. ನನಗ ಬ್ಯಾಡ."

ಏನೂ ಗೊತ್ತಿಲ್ಲದ ಅಪ್ಪ, ಮಷೀನು ಕೆಟ್ಟಿರಬೇಕೆಂದು ಹುಬ್ಬಳ್ಳಿಗೆ ಒಯ್ದು ತೋರಿಸಿಕೊಂಡು ಬಂದ. ಅವ್ವ ಬಾಯಿ ಬಿಡಲಿಲ್ಲ. ಸುಗ್ಗಿ ಮುಗಿಯುತ್ತಲೇ ಅತ್ತೆ ಮೊರಬದಲ್ಲಿದ್ದ ತನ್ನ ತಂಗಿಯ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ಬೇಸಿಗೆಯಲ್ಲಿ ಅವ್ವ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಮಷೀನನ್ನೂ ಒಯ್ದಿದ್ದಳು. "ಒಂದ ಸಲ ಹಾಕ್ಕೋ ನಮ್ಮವ್ವಾ. ನಾ ಹೇಳೂದಷ್ಟು ಕೇಳು" ಎಂದು ವೈರನ್ನು ಅತ್ತೆಯ ಕಿವಿಯ ಬಳಿ ಹಿಡಿದಳು. ಅತ್ತೆ ಆ ಕೈಯನ್ನು ಮೆತ್ತಗೆ ಕೆಳಗಿಳಿಸಿದಳು. ಅತ್ತೆಗೆ ಕೇಳದಿದ್ದರೂ ಅವ್ವ ಹೇಳಿದಳು, ಬಿಕ್ಕುತ್ತ, ತಪ್ಪಾಯಿತೆಂದು, ಮನೆಗೆ ಬಾ ಎಂದು. ಅತ್ತೆ ನೆಲ ನೋಡುತ್ತ ಕುಳಿತಿದ್ದಳು. ಆಮೇಲೆ ಎದ್ದು, ಓಣಿಗೆಲ್ಲ ಕೇಳುವಂತೆ ಅಂದಳು:

"ಉಂಡ ಹೋಗ್ರಿ ವೈನಿ, ಬಸ್ಸಿಗಿನ್ನಾ ಹೊತ್ತೈತಿ."

ಬಸ್ಸು ಬರುವವರೆಗೆ ಅತ್ತೆ ನನ್ನ ತಲೆ ಸವರುತ್ತ ನಿಂತಿದ್ದಳು. ಅವ್ವನ ಮುಖವನ್ನು ಒಮ್ಮೆಯೂ ನೋಡಲಿಲ್ಲ.