ಕಮಲಾಪುರದಲ್ಲಿ ನನ್ನ ಮಗ್ಗಲು ಬದಲಿಸಿದವರು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನರ್ಸ್ ಆಗಿದ್ದವಳು ನಾನು. ಹೆಣದ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಚಹಾ ಕುಡಿದಿದ್ದೇನೆ, ಕೂರಲು ಬೇರೆ ಜಾಗವಿರಲಿಲ್ಲ. ಯಾರಾದರೂ ‘ಆ ವಾರ್ಡಿನಲ್ಲಿ ಏನೋ ಇದೆ’ ಎಂದರೆ, ಇರುವುದು ಸೊಳ್ಳೆ ಮಾತ್ರ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಬರೆಯುತ್ತಿರುವ ಸಂಗತಿಯನ್ನು ಬೇರೆ ಯಾರಾದರೂ ನನ್ನ ಮುಂದೆ ಹೇಳಿದ್ದರೆ ಮೊದಲು ಅವರ ಬಿಪಿ ನೋಡುತ್ತಿದ್ದೆ. ನೀವೂ ನನ್ನ ಬಗ್ಗೆ ಹಾಗೆಯೇ ಅಂದುಕೊಂಡರೆ ನನಗೇನೂ ಬೇಸರವಿಲ್ಲ.

ನಿವೃತ್ತಿಯಾದ ಮೇಲೆ ಜೇವರ್ಗಿ ಕಾಲೋನಿಯ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಒಂದು ಕೆಲಸ ಹಚ್ಚಿಕೊಂಡೆ. ನರ್ಸಿಂಗ್ ಹೋಮುಗಳಿಗೆ ಹೋಗಿ ಅಲ್ಲಿಯ ನರ್ಸು, ಆಯಾಗಳಿಗೆ ನೀತಿ ನಿಯಮಗಳ ತರಬೇತಿ ಕೊಡುವ ಕೆಲಸ. ರೋಗಿಯ ಫೋಟೊ ತೆಗೆದು ವಾಟ್ಸಾಪಿಗೆ ಹಾಕಬಾರದು, ಬಟ್ಟೆ ಬದಲಿಸುವಾಗ ಪರದೆ ಎಳೆಯಬೇಕು, ತಪ್ಪು ಕಂಡರೆ ಮುಚ್ಚಿಡದೆ ತಿಳಿಸಬೇಕು, ಮಾಡದ ಕೆಲಸಕ್ಕೆ ಸಹಿ ಹಾಕಬಾರದು. ನಾನು ಹೇಳುತ್ತೇನೆ, ಎಲ್ಲರೂ ತಲೆಯಾಡಿಸುತ್ತಾರೆ, ಹಾಜರಿ ಹಾಳೆಗೆ ಸಹಿ ಮಾಡಿ ಎದ್ದು ಹೋಗುತ್ತಾರೆ.

ಕೆಲವು ವರ್ಷಗಳ ಹಿಂದೆ ಕಮಲಾಪುರದಿಂದ ಒಬ್ಬ ಡಾಕ್ಟರು ಕರೆದರು. ಹನ್ನೆರಡು ಹಾಸಿಗೆಯ ಪುಟ್ಟ ನರ್ಸಿಂಗ್ ಹೋಮು ಅವರದು. ಅಲ್ಲಿದ್ದವರಲ್ಲಿ ಹೆಚ್ಚಿನವರು ಲಕ್ವಾ ಹೊಡೆದು ಮಲಗಿದಲ್ಲೇ ಇರುವ ಮುದುಕರು. ಅಂಥವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಸೊಂಟದಲ್ಲಿ ಹುಣ್ಣಾಗುತ್ತದೆ. ಒಬ್ಬ ಅಜ್ಜನಿಗೆ ಹಾಗೆ ಆಗಿತ್ತು, ಮಗಳು ದೂರು ಕೊಟ್ಟಿದ್ದಳು. ಹಾಸಿಗೆಗೆ ತೂಗುಹಾಕಿದ ಚಾರ್ಟಿನಲ್ಲಿ ಮಾತ್ರ ಎರಡೆರಡು ತಾಸಿಗೆ ಬದಲಿಸಿದ್ದಾಗಿ ಸಾಲುಸಾಲು ಸಹಿ ಇತ್ತು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. “ತರಬೇತಿ ಕೊಡ್ರಿ ಮೇಡಂ, ಎಲ್ಲಾರ ಸಹಿ ತಗೊಳ್ರಿ. ತಪ್ಪು ಆ ವಾರ್ಡಿನ ಆಯಾಂದು ಅಂತ ಒಂದು ರಿಪೋರ್ಟ್ ಬರದು ಕೊಟ್ಟುಬಿಡ್ರಿ. ನಾಳಿಂದ ಆಕಿ ಬರಂಗಿಲ್ಲ” ಎಂದರು.

ಆ ಆಯಾಳ ಹೆಸರು ಜಗದೇವಿ. ಗಂಡನಿಲ್ಲದವಳು, ಅವಳ ಪಗಾರದ ಮೇಲೆ ಮೂರು ಹೊಟ್ಟೆ. ನನ್ನ ಮುಂದೆ ಅವಳು ಅಳಲೂ ಇಲ್ಲ, ಬೇಡಿಕೊಳ್ಳಲೂ ಇಲ್ಲ. “ಒಬ್ಬಾಕಿ ಕೈಲೆ ಆ ಅಜ್ಜ ಹೊಳ್ಳಂಗಿಲ್ರಿ ಮೇಡಂ. ಇಬ್ಬರು ಬೇಕು. ಇಲ್ಲಿ ಇಬ್ಬರು ಎಲ್ಲಿ ಅದಾರ?” ಎಂದಳು, ಅಷ್ಟೆ. ನಿಜ ಹೇಳುತ್ತೇನೆ, ನನಗೆ ಅವಳ ಮಾತು ಸರಿ ಅನ್ನಿಸಿತು. ಆದರೂ ಡಾಕ್ಟರು ಹೇಳಿದಂತೆಯೇ ಬರೆಯುವುದೆಂದು ಮನಸ್ಸು ಮಾಡಿದ್ದೆ. ಊರ ಉಸಾಬರಿ ನನಗೇಕೆ, ಬರೆದುಕೊಟ್ಟು ನಾಲ್ಕು ಗಂಟೆಯ ಬಸ್ಸು ಹಿಡಿದರಾಯಿತು ಎಂಬ ಲೆಕ್ಕ.

ನನ್ನ ತರಬೇತಿಯಲ್ಲಿ ಒಂದು ಪದ್ಧತಿಯಿದೆ. ಊಟವಾದ ಮೇಲೆ ಯಾರಾದರೊಬ್ಬರು ರೋಗಿಯಾಗಿ ಮಲಗಬೇಕು, ಕೈಕಾಲು ಆಡಿಸುವಂತಿಲ್ಲ, ಕಣ್ಣು ತೆರೆಯುವಂತಿಲ್ಲ. ಉಳಿದವರು ನೋಡಿಕೊಳ್ಳಬೇಕು. ಅಂದು ಎಲ್ಲರೂ ನಾಚಿಕೊಂಡು ಹಿಂದೆ ಸರಿದರು. ಸರಿ, ನಾನೇ ವಾರ್ಡಿನ ಮೂಲೆಯ ಖಾಲಿ ಹಾಸಿಗೆಯ ಮೇಲೆ ಅಂಗಾತ ಮಲಗಿದೆ.

“ಈಗ ನಾ ಲಕ್ವಾ ಹೊಡದ ಪೇಶಂಟ್. ಅರ್ಧ ತಾಸಿಗೊಮ್ಮೆ ನನ್ನ ಹೊಳ್ಳಸ್ರಿ, ಚಾರ್ಟ್ ಬರೀರಿ” ಎಂದು ಹೇಳಿ ಕಣ್ಣು ಮುಚ್ಚಿದೆ.

ಮಟಮಟ ಮಧ್ಯಾಹ್ನ. ಫ್ಯಾನು ಕಿರ್ ಎನ್ನುತ್ತಿತ್ತು. ಚಾದರದ ಕೆಳಗಿನ ರೆಕ್ಸಿನ್ ಬೆವರಿಗೆ ಬೆನ್ನಿಗಂಟಿತು. ಸ್ವಲ್ಪ ಹೊತ್ತಿಗೇ ಬೆನ್ನಿನ ಕೆಳಗಿನ ಎಲುಬು ನೋಯತೊಡಗಿತು. ಇಷ್ಟು ವರ್ಷ ಬೇರೆಯವರಿಗೆ ಪಾಠ ಹೇಳಿದವಳಿಗೆ ಒಂದು ಮಗ್ಗಲ ಬೆಲೆ ಅವತ್ತು ತಿಳಿಯಿತು. ಯಾರಾದರೂ ಬರಬಾರದೇ ಎಂದು ಮನಸ್ಸಿನಲ್ಲೇ ಕರೆದೆ.

ಬಂದರು. ಮೊದಲು ನನ್ನ ಬಲಗಾಲಿನ ಮಂಡಿ ಮಡಚಿದರು. ಆಮೇಲೆ ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ. ಎಳೆಯಲಿಲ್ಲ, ನೂಕಲಿಲ್ಲ, ನನ್ನ ಭಾರ ತಾನಾಗಿ ಎಡಕ್ಕೆ ಹೊರಳಿತು. ಒರಟು ಕೈ, ಆದರೆ ಆತುರವಿಲ್ಲದ ಕೈ. “ಆತು, ಆತು ರೀ ಅಕ್ಕೋರ” ಎಂಬ ಸಣ್ಣ ದನಿ ಕೇಳಿತು. ಒಂದು ಚಾದರವನ್ನು ಬಿಗಿಯಾಗಿ ಸುತ್ತಿ ನನ್ನ ಬೆನ್ನಿಗೆ ಆಸರೆ ಕೊಟ್ಟು, ಅದರ ತುದಿಯನ್ನು ಗಾದಿಯ ಕೆಳಗೆ ಸಿಕ್ಕಿಸಿದ್ದು ಸ್ಪಷ್ಟವಾಗಿ ಗೊತ್ತಾಯಿತು. ನಿಯಮ ನಿಯಮವೇ ಎಂದು ನಾನು ಕಣ್ಣು ತೆರೆಯಲಿಲ್ಲ. ಆಗ ನನಗಾದ ಹಿತ ಎಂಥದ್ದೆಂದರೆ ಮುಚ್ಚಿದ ಕಣ್ಣಲ್ಲೇ ನೀರು ಬಂತು. ಯಾರೇ ಆಗಿರಲಿ, ಎಲ್ಲರೆದುರು ಹೊಗಳಬೇಕು ಅಂದುಕೊಂಡೆ.

“ಮೇಡಂ, ತಾಸಾತ್ರಿ” ಎಂದು ನರ್ಸ್ ಸವಿತಾ ಕರೆದಾಗ ಕಣ್ಣು ಬಿಟ್ಟೆ. ಗೋಡೆಯ ಕಡೆ ಮುಖ ಮಾಡಿ ಎಡಮಗ್ಗಲಲ್ಲಿದ್ದೆ. ಬೆನ್ನ ಹಿಂದೆ ಸುತ್ತಿದ ಚಾದರವಿತ್ತು. ಚಾರ್ಟಿನಲ್ಲಿ ಎರಡೂವರೆಗೆ ಎಡಕ್ಕೆ ಬದಲಿಸಿದ್ದಾಗಿ ಸವಿತಾಳ ಸಹಿಯೂ ಇತ್ತು.

“ಛಲೋ ಹೊಳ್ಳಸಿದಿ ನೋಡವ್ವಾ” ಎಂದೆ.

ಅವಳ ಮುಖ ಬಿಳಿಚಿಕೊಂಡಿತು. “ನಾ ಬಂದೇ ಇಲ್ರಿ ಮೇಡಂ. ಎಲ್ಲಾರೂ ಹೊರಗ ಚಹಾ ಕುಡೀಲಿಕತ್ತಿದ್ವಿ. ನಿಮ್ಮನ್ನ ಮುಟ್ಟಲಿಕ್ಕೆ ಅಂಜಿಕಿ ಆತು. ಕುಂತಲ್ಲೇ ಬರದು ಸಹಿ ಹಾಕೀನಿ. ದಿನಾಲೂ ಹಂಗ ಮಾಡ್ತೀವ್ರಿ.”

ಚೇಷ್ಟೆ ಎಂದುಕೊಂಡೆ. ಒಬ್ಬೊಬ್ಬರನ್ನೇ ಕೇಳಿದೆ. ಜಗದೇವಿಯೂ ಅವರ ಜೊತೆಗೇ ಕುಳಿತಿದ್ದಳು. ವಾರ್ಡಿಗೆ ಇದ್ದದ್ದು ಒಂದೇ ಬಾಗಿಲು, ಅವರೆಲ್ಲ ಕೂತದ್ದು ಆ ಬಾಗಿಲಲ್ಲೇ. ಒಳಗಿದ್ದ ರೋಗಿಗಳಲ್ಲಿ ಎದ್ದು ಕೂರಬಲ್ಲವರು ಒಬ್ಬರೂ ಇರಲಿಲ್ಲ. ನಿದ್ದೆಯಲ್ಲಿ ನಾನೇ ಹೊರಳಿರಬಹುದು, ಒಪ್ಪುತ್ತೇನೆ. ಆದರೆ ಚಾದರ ಸುತ್ತಿ ತುದಿ ಸಿಕ್ಕಿಸಿದವರು ಯಾರು?

ಚಾದರಕ್ಕೆ ಹಾಗೆ ತುದಿ ಸಿಕ್ಕಿಸುವವಳು ನನಗೆ ಗೊತ್ತಿದ್ದಂತೆ ಒಬ್ಬಳೇ. ಕಾಶಿಬಾಯಿ. ನಮ್ಮ ಊರಿನ ಸೂಪರ್ ಮಾರ್ಕೆಟ್ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಮೊದಲ ಸಲ ಕೆಲಸಕ್ಕೆ ಸೇರಿದಾಗ ಅವಳು ಅಲ್ಲಿ ಆಯಾ ಆಗಿದ್ದಳು. ನನಗೆ ಕೆಲಸ ಕಲಿಸಿದವಳೇ ಅವಳು. ಆಗ ಒಬ್ಬ ಅಜ್ಜನ ಹತ್ತಿರ ಹೋಗದೆಯೇ ನಾನು ಚಾರ್ಟಿಗೆ ಸಹಿ ಹಾಕುತ್ತ ಬಂದಿದ್ದೆ. ಹುಣ್ಣು ಎಲುಬಿಗೆ ಇಳಿದು ಆತ ತೀರಿಕೊಂಡ. ವಿಚಾರಣೆಯಲ್ಲಿ ನನ್ನ ಕಾಗದ ಚೊಕ್ಕವಾಗಿತ್ತು, ತಪ್ಪೆಲ್ಲ ಕಾಶಿಬಾಯಿಯ ತಲೆಗೆ ಬಂತು. ಅವಳನ್ನು ತೆಗೆದುಹಾಕಿದರು. ನಾನು ಬಾಯಿ ಬಿಡಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಆ ಪೈಕಿ ನಾನು.

ಅವತ್ತು ಆ ಹಾಸಿಗೆಯ ಮೇಲೆ ಕೂತೇ ಎಲ್ಲರಿಗೂ ಇದನ್ನು ಹೇಳಿದೆ. ಗಂಡನಿಗೂ ಹೇಳಿರದ ಮಾತು. ಹೇಳಿ ಮುಗಿಸಿದಾಗ ಸವಿತಾ ಎದ್ದು ಸೀದಾ ಡಾಕ್ಟರ ಕೋಣೆಗೆ ಹೋಗಿ, ದೂರು ಬಂದಿದ್ದ ಅಜ್ಜನ ಚಾರ್ಟಿನ ಸಹಿಗಳೆಲ್ಲ ತನ್ನವು, ಸುಳ್ಳು ಸಹಿಗಳು ಎಂದಳು. ನಾನೂ ರಿಪೋರ್ಟಿನಲ್ಲಿ ಹಾಗೆಯೇ ಬರೆದೆ. ಹನ್ನೆರಡು ಹಾಸಿಗೆಗೆ ಒಬ್ಬಳೇ ಆಯಾ ಸಾಲುವುದಿಲ್ಲ ಎಂದೂ ಬರೆದೆ. ಡಾಕ್ಟರ ಮುಖ ಹುಳ್ಳಗಾಯಿತು, ಆದರೂ ಹೊರಡುವಾಗ ಅರ್ಧ ಡಜನ್ ಕೆಂಪು ಬಾಳೆಹಣ್ಣು ಕೊಟ್ಟರು. ಮತ್ತೆ ನನ್ನನ್ನು ಕರೆಯಲಿಲ್ಲ. ಜಗದೇವಿ ಉಳಿದಳು, ಅವಳ ಜೊತೆಗೆ ಇನ್ನೊಬ್ಬಳನ್ನು ತೆಗೆದುಕೊಂಡರೆಂದು ಸವಿತಾ ಫೋನಿನಲ್ಲಿ ಹೇಳಿದಳು.

ಕಾಶಿಬಾಯಿಯನ್ನು ಹುಡುಕಿಕೊಂಡು ನಂದೂರಿಗೆ ಹೋದೆ. ಅವಳ ಮಗ ಅಲ್ಲಿಯ ದಾಲ್ ಮಿಲ್ಲಿನಲ್ಲಿದ್ದಾನೆಂದು ತಿಳಿದಿತ್ತು. ಅವಳು ಸತ್ತಿರಬೇಕು ಎಂದುಕೊಂಡೇ ಹೋಗಿದ್ದೆ. ಸತ್ತಿದ್ದರೆ ನನಗಾದದ್ದಕ್ಕೆ ಒಂದು ಅರ್ಥವಾದರೂ ಸಿಗುತ್ತಿತ್ತು. ಹೋಗಿ ನೋಡಿದರೆ ಬಾಗಿಲಲ್ಲೇ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ! ಕಮಲಾಪುರಕ್ಕೆ ತಾನು ಯಾವತ್ತೂ ಹೋದವಳೇ ಅಲ್ಲ ಎಂದಳು.

ಅವತ್ತು ನನ್ನ ಮಗ್ಗಲು ಬದಲಿಸಿದ ಕೈ ಯಾರದೆಂದು ನನಗೆ ಇಂದಿಗೂ ಗೊತ್ತಿಲ್ಲ. ಆ ಚಾದರ ನಾನು ಮುಟ್ಟಿ ನೋಡಿದ ಚಾದರ, ಇದರ ಮೇಲೆ ಹೇಳಲು ನನ್ನಲ್ಲಿ ಏನೂ ಇಲ್ಲ.

ಕಾಶಿಬಾಯಿಯ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವಳು ಬೇಳೆಯೊಳಗಿನ ಒಂದು ಕಲ್ಲು ಆರಿಸಿ ಹೊರಗೆಸೆದಳು. “ನಿಮ್ಮ ಮ್ಯಾಲೆ ಸಿಟ್ಟಿತ್ರಿ ಅಕ್ಕೋರ, ಖರೇನ ಹೇಳ್ತೀನಿ. ಆದ್ರ ನಾನೂ ಆ ಮುದುಕನ್ನ ಹೊಳ್ಳಸಿದ್ದಿಲ್ಲ. ಒಬ್ಬಾಕಿ ಕೈಲೆ ಆಗಂಗಿಲ್ಲ ಅಂತ ಬಿಟ್ಟಿದ್ದೆ. ಆತ ಕರದ್ರೂ ಕೇಳಸ್ಲಾರದಂಗ ಇದ್ದೆ” ಎಂದಳು. ಆಮೇಲೆ, “ಆ ಅಜ್ಜನ ಹೆಸರು ಏನಿತ್ರಿ?” ಎಂದು ಕೇಳಿದಳು.

ಇಬ್ಬರೂ ಯೋಚಿಸಿದೆವು. ಬೆಡ್ ನಂಬರು ಇಬ್ಬರಿಗೂ ನೆನಪಿತ್ತು. ಹೆಸರು ಇಬ್ಬರಿಗೂ ನೆನಪಾಗಲಿಲ್ಲ.