ಮಾರ್ತಾಂಡ ಗುಂಡು ಹಾರಿಸಲಿಲ್ಲ

ನಾನೂ ಒಬ್ಬ ಕಾದಂಬರಿಕಾರ. ನಗಬೇಡಿ. ನನ್ನ ಕೃತಿಯ ಉದ್ದ ಅರ್ಧ ಪುಟ. ಅದು ಅಚ್ಚಾಗಿಲ್ಲ, ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ಒಂದೇ ಸಲ, ಬಾಯಿಂದ, ಪ್ರಕಟವಾಯಿತು. ಆದರೂ ಓದುಗರ ಮನ್ನಣೆಯ ವಿಷಯದಲ್ಲಿ ನನಗೆ ಯಾವ ಕೊರಗೂ ಇಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಕಚೇರಿ ಬೆಳಗಾವಿಯಲ್ಲಿ, ಮನೆ ಖಾನಾಪುರದಲ್ಲಿ. ದಿನಾ ಹೋಗಿಬರುವ ಗಾಡಿಯ ನಮ್ಮ ಡಬ್ಬಿಯಲ್ಲೊಂದು ಪದ್ಧತಿಯಿತ್ತು. ಟಿಳಕವಾಡಿಯ ವಾಚನಾಲಯದಿಂದ ಯಾರಾದರೊಬ್ಬರು ಪತ್ತೇದಾರಿ ಮಾಲೆಯ ಹೊಸ ಪುಸ್ತಕ ತರಬೇಕು, ನಾನು ಎಲ್ಲರಿಗೂ ಕೇಳುವಂತೆ ಓದಬೇಕು. ದೊಡ್ಡ ಗಂಟಲೊಂದೇ ನನ್ನ ಅರ್ಹತೆ. ಆದರೆ ಓದು ಶುರುವಾಗಬೇಕಾದರೆ ಬೆಳಗಾವಿಯ ಖಾಸಬಾಗದಲ್ಲಿ ಸೀರೆ ಅಂಗಡಿಯಿಟ್ಟಿದ್ದ ಜಿನ್ನಪ್ಪನವರ ಊಟ ಮುಗಿಯಬೇಕು. ಜೈನರಾದ ಅವರು ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಗಾಡಿ ಬಿಡುತ್ತಲೇ ಬುತ್ತಿ ಬಿಚ್ಚಿ, ಪಕ್ಕದವರಿಗೆ ಅರ್ಧ ಚಪಾತಿ ಕೊಟ್ಟು, ಉಂಡು ಕೈತೊಳೆದು, "ಹೂಂ, ಸುರು ಮಾಡ್ರಿ ಇನ್ನ" ಎಂದರೆ ಕೊಲೆಗೆ ಅಪ್ಪಣೆಯಾದಂತೆ.

ಇರುವೆಗೂ ದಾರಿ ಬಿಡುವ ಈ ಮನುಷ್ಯನಿಗೆ ಕೊಲೆಯ ಕತೆಗಳ ಮೇಲೆ ಇಷ್ಟೇಕೆ ಪ್ರೀತಿ? ಕೇಳಿಯೇಬಿಟ್ಟೆ.

"ಕೊಲಿ ಮ್ಯಾಲೆ ಅಲ್ರೀ, ಮಾರ್ತಾಂಡನ ಮ್ಯಾಲೆ" ಎಂದರು.

ಮಾರ್ತಾಂಡ ಆ ಮಾಲೆಯ ಪತ್ತೇದಾರ. ಕಿಸೆಯಲ್ಲಿ ಪಿಸ್ತೂಲಿದ್ದರೂ ಅಷ್ಟೂ ಪುಸ್ತಕಗಳಲ್ಲಿ ಒಂದೂ ಜೀವ ತೆಗೆದವನಲ್ಲ. ಹಿಂದಿನ ಜನ್ಮದಲ್ಲಿ ಅವನು ಜೈನನೇ ಆಗಿದ್ದನೆಂದು ಜಿನ್ನಪ್ಪನವರ ಖಾತ್ರಿ.

ಒಂದು ಪುಸ್ತಕ ಕಾಡಿನ ಅಂಚಿನಲ್ಲಿ ಬಂದು ನಿಂತಿತು. ಎದುರಿಗೆ ಕೊಲೆಗಡುಕ, ಮಾರ್ತಾಂಡನ ಬೆರಳು ಪಿಸ್ತೂಲಿನ ಕುದುರೆಯ ಮೇಲೆ, ಉಳಿದದ್ದು ಮುಂದಿನ ಪುಸ್ತಕದಲ್ಲಿ. ಅಷ್ಟರಲ್ಲಿ ಲೇಖಕರೇ ತೀರಿಕೊಂಡರು. ನಮ್ಮ ಡಬ್ಬಿಗೆ ಸೂತಕ ಹಿಡಿಯಿತು. ಕೆಲವು ದಿನ ಬಿಟ್ಟು ಎಲ್ಲರೂ ತಮಗೆ ಬೇಕಾದಂತೆ ಕತೆ ಮುಗಿಸತೊಡಗಿದರು.

"ಜಾಂಬೋಟಿ ಕಡೆ ಗದ್ದಿ ನೋಡೀರಿಲ್ಲೊ?" ಎನ್ನುತ್ತಿದ್ದರು ಜಿನ್ನಪ್ಪ. "ಕಳ್ಳ ಓಡ್ತಾನ, ಕೆಸರಿನ್ಯಾಗ ಮೊಣಕಾಲತನಾ ಹುಗೀತಾನ. ಗುಂಡು ಯಾಕ ಬೇಕ್ರಿ?"

ಹೀಗಿರುವಾಗ ಬಂತು ಸುದ್ದಿ: ಮಾಲೆಯನ್ನು ಹೊಸ ಲೇಖಕರೊಬ್ಬರು ಮುಂದುವರಿಸುತ್ತಾರೆ! ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಜಿನ್ನಪ್ಪನವರ ಮುಖ ಮಾತ್ರ ಸಣ್ಣಗಾಯಿತು.

"ಹೊಸಬಗ ನಮ್ಮ ಮಾರ್ತಾಂಡನ ಗುಣಾ ಗೊತ್ತಿರ್ತದೇನ್ರಿ?"

ದಿನಾ ನನ್ನ ಪಕ್ಕದಲ್ಲಿ ಕೂರುವ ಶಾಂತಾ ಅಕ್ಕೋರು ಸಾಲಿ ಕಲಿಸುವವರು, ಹಳೆಯ ಕಾವ್ಯಗಳನ್ನು ಬಲ್ಲವರು. "ತಂದಿ ಅರ್ಧಾ ಬಿಟ್ಟ ಕಾವ್ಯಾ ಮಗಾ ಮುಗಿಸಿಲ್ಲೇನ್ರಿ ಹಿಂದಕ?" ಎಂದರು.

"ಮಗಾ ಆದ್ರ ಚಿಂತಿಲ್ರಿ. ಇಂವಾ ಯಾರೋ!"

ಪುಸ್ತಕ ಬಂದ ದಿನ ಪಕ್ಕದ ಡಬ್ಬಿಯವರೂ ನಮ್ಮಲ್ಲಿ ತುಂಬಿಕೊಂಡರು. ಅವಸರದಲ್ಲಿ ಚಪಾತಿ ನುಂಗಿದ ಜಿನ್ನಪ್ಪನವರಿಗೆ ಬಿಕ್ಕಳಿಕೆ. ಓದಲು ಶುರುಮಾಡಿದೆ. ಅಬ್ಬಾ, ಹೊಸಬ ಸಾಮಾನ್ಯನಲ್ಲ! ಕೊಲೆಗಡುಕ ತಪ್ಪಿಸಿಕೊಂಡು ಓಡಿದ, ಮಾರ್ತಾಂಡ ಬೆನ್ನು ಹತ್ತಿದ. ಗಾಡಿಗಿಂತ ಕತೆಯೇ ಜೋರಾಗಿ ಓಡುತ್ತಿತ್ತು. ದೇಸೂರು ದಾಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಪುಟ ತಿರುವಿದೆ. ಬಾಯಿಗಿಂತ ಮುಂದೆ ಓಡುವುದು ಕಣ್ಣಿನ ಚಾಳಿ. ಅದು ಕೆಳಗಿನ ಸಾಲುಗಳನ್ನು ಕಂಡುಬಿಟ್ಟಿತು: ಮಾರ್ತಾಂಡ ಗುಂಡು ಹಾರಿಸಿದ. ದುಷ್ಟ ಸತ್ತುಬಿದ್ದ.

ತಲೆ ಎತ್ತಿದೆ. ಜಿನ್ನಪ್ಪ ಬುತ್ತಿಯ ಗಂಟನ್ನು ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚಿ, "ಬ್ಯಾಡೋ, ಬ್ಯಾಡೋ" ಎಂದು ಪಿಸುಗುಡುತ್ತಿದ್ದರು. ನನ್ನ ಗಂಟಲಿಗೆ ಏನಾಯಿತೋ, ಇಲ್ಲದ್ದನ್ನು ಓದತೊಡಗಿತು. ಮಾರ್ತಾಂಡ ಪಿಸ್ತೂಲನ್ನು ಕಿಸೆಗೆ ಸೇರಿಸಿದ. ಕೊಲೆಗಡುಕ ಗದ್ದೆಗೆ ಹಾರಿದ. ಕೆಸರಿನಲ್ಲಿ ಮೊಣಕಾಲಿನವರೆಗೆ ಹುಗಿದುಹೋದ!

"ನಾ ಹೇಳಿದ್ನಿಲ್ಲ! ನಾ ಹೇಳಿದ್ನಿಲ್ರೀ!" ಜಿನ್ನಪ್ಪ ಎದ್ದು ನಿಂತರು. ಬಿಕ್ಕಳಿಕೆಯೂ ನಿಂತಿತ್ತು. ಡಬ್ಬಿಗೆ ಡಬ್ಬಿಯೇ ಚಪ್ಪಾಳೆ ಹೊಡೆಯಿತು.

ನನ್ನ ಸಾಹಿತ್ಯ ಅಷ್ಟಕ್ಕೇ ಮುಗಿದಿತ್ತು. ಬೆವರುತ್ತ ಪಕ್ಕಕ್ಕೆ ನೋಡಿದರೆ ಅಕ್ಕೋರ ಕಣ್ಣು ಪುಸ್ತಕದ ಮೇಲೆಯೇ ಇದೆ! ಅವರು ಒಮ್ಮೆ ಪುಟ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಆಮೇಲೆ ತಾವೇ ಕೈಚಾಚಿ ಪುಟ ತಿರುವಿದರು.

"ಮುಂದ ಓದ್ರಿ. ನಿಂತ್ರ್ಯಾಕ?"

ಓದಿದೆ. ಹೆಣದ ಮಾತು ಬಂದಲ್ಲೆಲ್ಲ ಸತ್ತವನನ್ನು ಜೈಲಿನಲ್ಲಿ ಕೂರಿಸುತ್ತ ಹೇಗೋ ಖಾನಾಪುರ ಮುಟ್ಟಿಸಿದೆ.

ಖುಷಿ ತಡೆಯಲಾರದೆ ಜಿನ್ನಪ್ಪ ಮರುದಿನವೇ ಪೇಟೆಯಲ್ಲಿ ತಮ್ಮದೇ ಒಂದು ಪ್ರತಿ ಕೊಂಡರು. ಅದರ ಮರುದಿನ ಬೆಳಿಗ್ಗೆ ಖಾನಾಪುರದ ಪ್ಲಾಟ್‌ಫಾರ್ಮಿನಲ್ಲಿ ಪುಸ್ತಕ ಹಿಡಿದು ದುಮುದುಮು ಉರಿಯುತ್ತ ನನ್ನತ್ತಲೇ ಬಂದರು. ಮುಗಿಯಿತು ನನ್ನ ಕತೆ ಎಂದುಕೊಂಡೆ. ಅವರು ಆ ಪುಟವನ್ನೇ ತೆರೆದು ನನ್ನ ಮೂಗಿಗೆ ಹಿಡಿದರು.

"ನೋಡ್ರಿ ಇಲ್ಲೆ! ಪಾಪ, ಆ ಹೊಸ ಲೇಖಕ ಎಷ್ಟ ಚಂದ ಬರದಿದ್ದಾ! ಈ ಛಾಪಖಾನಿಯವ್ರು ಎಲ್ಲಾ ತಪ್ಪ ಛಾಪಿಸ್ಯಾರ!"

ಹೌದೆಂದು ತಲೆಯಾಡಿಸಿದೆ. ಹೊಗಳಿಕೆ ಬಂದಾಗ ಲೇಖಕನಾದವನು ಸುಮ್ಮನಿರುವುದೇ ಲೇಸು.