ಮಂಡಿಯ ಬಾಗಿಲಿಗೆ ಬೀಗ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಾಮರಾಜನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಫೈಲ್ ತೆರೆಯುವುದು, ಫೈಲ್ ಮುಚ್ಚುವುದು, ದಿನವೂ ಅದೇ. ಪಾಠ ಮಾಡುತ್ತಲೇ ಕಿಟಕಿಯ ತನಕ ಹೋಗಿ ಬರುತ್ತಿದ್ದೆ. ಕುಳಿತರೆ ಕಾಲು ತಾನಾಗಿ ಅಲುಗುತ್ತಿತ್ತು. "ಇವಳಿಗೆ ಒಂದು ಕಡೆ ನಿಲ್ಲೋಕಾಗಲ್ಲ" ಎಂದು ಮನೆಯಲ್ಲೂ ಬೈಯುತ್ತಿದ್ದರು.

ಕೇಂದ್ರದಲ್ಲಿ ಒಂದೇ ಒಂದು ಇಂಟರ್ನೆಟ್ ಸಂಪರ್ಕವಿತ್ತು. ಅದರಲ್ಲಿ ಚಿತ್ರ ಬರುತ್ತಿರಲಿಲ್ಲ, ಬರೀ ಅಕ್ಷರ. ಬೆಳಿಗ್ಗೆ ಆರೂವರೆಗೆ ಹೋಗಿ ಬಾಗಿಲು ತೆಗೆದರೆ ಎಂಟರವರೆಗೆ ಅದು ನನ್ನದು. ಆ ಹೊತ್ತಿನಲ್ಲಿ ನಾನೊಂದು ಆಟ ಕಟ್ಟುತ್ತಿದ್ದೆ. "ಉತ್ತರಕ್ಕೆ ಹೋಗು" ಎಂದು ಟೈಪ್ ಮಾಡಿದರೆ ಮುಂದಿನ ಜಾಗದ ವರ್ಣನೆ ಪರದೆಯ ಮೇಲೆ ಮೂಡುತ್ತಿತ್ತು. ಬೇರೆ ಊರುಗಳಿಂದ ಆಡಲು ಬಂದವರು ಅಲ್ಲಿದ್ದರೆ ಅವರನ್ನು ಮಾತಾಡಿಸಬಹುದಿತ್ತು. ಮೂಲ ಪ್ರೋಗ್ರಾಂ ನನ್ನದಲ್ಲ. ಎಲ್ಲೋ ದೂರದ ನಾಲ್ಕು ಜನ ಹವ್ಯಾಸಕ್ಕೆಂದು ಬರೆದು ಪುಕ್ಕಟೆ ಹಂಚಿದ್ದರು. ಅವರ ಷರತ್ತು ಎರಡೇ: ಮೊದಲ ಪರದೆಯಲ್ಲಿ ತಮ್ಮ ಹೆಸರಿರಬೇಕು, ಇದರಿಂದ ಯಾರೂ ದುಡ್ಡು ಮಾಡಬಾರದು. ಆಡಲು ಬರುತ್ತಿದ್ದ ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ತನ್ನ ಕಾಲೇಜಿನ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಕೊಡಿಸಿದ್ದಳು.

ವರ್ಣನೆಗಳನ್ನು ಬರೆಯುತ್ತಿದ್ದವರು ಅಕ್ಕ. ಒಡಹುಟ್ಟಿದವರಲ್ಲ, ತೆರಕಣಾಂಬಿಯವರು, ನನಗೆ ಟೈಪಿಂಗ್ ಕಲಿಸಿದವರು, ಗುಂಡ್ಲುಪೇಟೆಯ ಈರುಳ್ಳಿ ಮಂಡಿಯೊಂದರಲ್ಲಿ ಟೈಪಿಸ್ಟ್. ನೋಟ್ ಪುಸ್ತಕದಲ್ಲಿ ಅವರು ಬರೆದದ್ದನ್ನು ಭಾನುವಾರ ಬಸ್ಸಿನಲ್ಲಿ ಹೋಗಿ ತರುತ್ತಿದ್ದೆ. ಆಮೇಲೆ ಆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬುತ್ತಿದ್ದೆ. ಆಟದೊಳಗೆ ಅವರು ಕಟ್ಟಿದ್ದೂ ಒಂದು ಮಂಡಿಯನ್ನೇ; ಅಲ್ಲಿ ಕತ್ತಿಯೂ ಇಲ್ಲ, ರಾಕ್ಷಸನೂ ಇಲ್ಲ. ಮೂಟೆ ಹೊತ್ತು ಲಾರಿಗೆ ಹಾಕಿದವರಿಗೆ ಟೀ ಸಿಗುತ್ತಿತ್ತು, ಲಾರಿ ಡ್ರೈವರ್ ಕೇರಳದ ಸುದ್ದಿ ಹೇಳುತ್ತಿದ್ದ. ಅಷ್ಟೇ.

ಒಂದು ಮುಂಜಾನೆ ಅಕ್ಕ ಮೊದಲ ಬಸ್ಸು ಹಿಡಿದು ಬಂದು ನನ್ನ ಪಕ್ಕ ಕುಳಿತರು. ಆಟದಲ್ಲಿ ಗುರುತಿಲ್ಲದ ಯಾರೋ ಅವರ ಮಂಡಿಯೊಳಗೆ ಬಂದರು. ಪ್ರತಿ ಹೆಜ್ಜೆಯೂ ಪರದೆಯ ಮೇಲೆ ಕಾಣುತ್ತಿತ್ತು.

"ಅಯ್ಯೋ, ತೂಕದ ಕಲ್ಲು ಎತ್ತಿ ನೋಡ್ತಾವ್ನೆ ಕಣಮ್ಮಿ! ನಾ ಇಲ್ಲಿ ಕುಂತಿವ್ನಿ ಅಂತ ಅವ್ನಿಗೆ ಗೊತ್ತಾಯ್ತದಾ?" ಅಕ್ಕ ನನ್ನ ಕೈ ಹಿಡಿದುಕೊಂಡರು.

ಒಂದು ದಿನ ಕೇಂದ್ರದ ಯಜಮಾನರು ಬೇಗ ಬಂದವರು ನನ್ನ ಹಿಂದೆಯೇ ನಿಂತು ಎಲ್ಲ ನೋಡಿದರು. ಸಿಟ್ಟಾಗಲಿಲ್ಲ. "ಊರಿನೋರು ಇಲ್ಲಿ ಬಂದು ಕೂತು ಆಡ್ಲಿ, ಗಂಟೆ ಲೆಕ್ಕದಲ್ಲಿ ಕೊಡ್ಲಿ. ನೀನು ಪಾಠ ಬಿಡಮ್ಮ, ಇನ್ಮೇಲೆ ಇದೇ ನಿನ್ನ ಕೆಲಸ" ಎಂದರು. ಹಗಲೆಲ್ಲ ಇದೇ ಕೆಲಸ! ನನಗೆ ಬೇರೇನೂ ಕೇಳಿಸಲಿಲ್ಲ. ಮೊದಲ ಪರದೆಯಲ್ಲಿ ಕೇಂದ್ರದ ಹೆಸರು ಮಾತ್ರ ಇರಲಿ ಎಂದರು. ಆ ನಾಲ್ಕು ಹೆಸರುಗಳನ್ನು ನಾನು ಅಳಿಸಿದೆ. ಮಂಡಿಗೆ ಬೀಗ ಹಾಕು, ಟೋಕನ್ ಕೊಂಡವರಿಗೆ ಮಾತ್ರ ತೆರೆಯಲಿ ಎಂದರು. ಅದನ್ನೂ ಮಾಡಿದೆ.

ಮರುದಿನ ಮೈಸೂರಿನ ಹುಡುಗಿ ಕೇಳಿದಳು, "ಹೆಸರುಗಳು ಎಲ್ಲಿ?" ಎಡವಟ್ಟಾಗಿ ಅಳಿಸಿಹೋಗಿದೆ ಎಂದು ಸುಳ್ಳು ಬರೆದೆ. ಅವಳು ಆಟದಿಂದ ಹೊರಟುಹೋದಳು. ಅವತ್ತು ಕೆಲಸದ ನಡುವೆ ಎರಡು ಸಲ ಎದ್ದು ರಸ್ತೆಗೆ ಹೋಗಿ ಬಂದೆ. ಭಾನುವಾರದವರೆಗೆ ಕಾಯಲಾರದೆ ಸಂಜೆಯೇ ಗುಂಡ್ಲುಪೇಟೆಯ ಬಸ್ಸು ಹತ್ತಿ, ಅಕ್ಕನ ಮುಂದೆ ಎಲ್ಲ ಹೇಳಿದೆ.

ಅಕ್ಕ ಟೈಪ್ ಮಾಡುತ್ತಿದ್ದ ಹಾಳೆಯನ್ನು ಹಾಗೇ ಬಿಟ್ಟರು. "ನಮ್ಮ ಮಂಡಿ ಬಾಗ್ಲಿಗೆ ಬೀಗ ಹಾಕ್ಬುಟ್ಯಾ?"

"ಯಜಮಾನ್ರು ಹೇಳಿದ್ರು, ಅಕ್ಕ."

"ಅವ್ರು ಹೇಳ್ತಾರೆ ಬುಡು. ಬರ್ದೋರ ಹೆಸ್ರು ಅಳ್ಸುದ್ದು ನಿನ್ ಕೈ ಅಲ್ವಾ? ನಾಳೆ ನನ್ ಹೆಸ್ರೂ ಅಂಗೇ ಅಳುಸ್ತೀಯ."

ಮಾರನೆಯ ಬೆಳಿಗ್ಗೆ ಹೆಸರುಗಳನ್ನು ಮತ್ತೆ ಸೇರಿಸಿ ಬೀಗ ತೆಗೆದೆ. ಮೈಸೂರಿನವಳಿಗೆ ನಿಜ ಬರೆದೆ. ಯಜಮಾನರಿಗೆ, "ಇದು ಮಾರುವ ಆಟವಲ್ಲ ಸಾರ್" ಎಂದೆ. "ಹಾಗಾದ್ರೆ ಮಾರುವಂಥದ್ದು ನೀನೇ ಬರಿ" ಎಂದರು ಅವರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆ ನಾಲ್ವರ ಪ್ರೋಗ್ರಾಂ ಮುಟ್ಟದೆ, ಮೊದಲಿನಿಂದ ಹೊಸದೊಂದನ್ನು ಬರೆಯತೊಡಗಿದೆ. ಬೇಕೆಂದು ಹಂಬಲಿಸಿದ್ದ ಕೆಲಸ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನದಾಯಿತು. ಅಕ್ಕ ಮಾತ್ರ ಅದಕ್ಕೆ ಒಂದು ಸಾಲೂ ಕೊಡಲಿಲ್ಲ. ಹಳೆಯ ಆಟಕ್ಕೆಂದು ತಮ್ಮ ಹಾಳೆಗಳನ್ನು ಮೈಸೂರಿನ ಹುಡುಗಿಗೆ ಅಂಚೆಯಲ್ಲಿ ಕಳಿಸತೊಡಗಿದರು.

ನನ್ನ ಆಟದಲ್ಲಿ ಹೊಡೆದಾಟವಿತ್ತು, ನಿಧಿಯಿತ್ತು. ಆಡುವವನು ಇನ್ನೂ ಸ್ವಲ್ಪ ಹೊತ್ತು ಕೂರಲಿ ಎಂದು ದಾರಿಯನ್ನು ಬೇಕೆಂದೇ ಸುತ್ತು ಮಾಡುತ್ತಿದ್ದೆ. ನನಗೇ ಅದನ್ನು ಆಡುವ ಮನಸ್ಸಾಗಲಿಲ್ಲ. ಕಾಲೇಜು ಹುಡುಗರು ಕೆಲವು ವಾರ ಬಂದರು, ಗದ್ದಲ ಮಾಡಿದರು, ಬೇಸತ್ತು ನಿಲ್ಲಿಸಿದರು. ಯಜಮಾನರು ಬೇಸರಿಸಿಕೊಳ್ಳದೆ ನನ್ನನ್ನು ಪಾಠಕ್ಕೆ ವಾಪಸ್ಸು ಹಾಕಿದರು.

ಅದಾದ ವಾರ ಹಳೆಯ ಆಟಕ್ಕೆ ಬೇರೆ ಹೆಸರಿನಲ್ಲಿ ಹೋದೆ. ನನಗೆ ಗೊತ್ತಿಲ್ಲದ ಬೀದಿಗಳು ಎದ್ದಿದ್ದವು. ಒಂದು ಕ್ಷೌರದಂಗಡಿಯಲ್ಲಿ ನನ್ನ ಸರದಿಗೆ ಮೂರು ಜನರ ಹಿಂದೆ ಕಾಯಬೇಕಾಯಿತು, ಅವರ ಹರಟೆ ಕೇಳುತ್ತ ನಕ್ಕೆ. ಭಾನುವಾರ ಅಕ್ಕನ ಮುಂದೆ ಹೋಗಿ ನಿಂತು, "ನಾನೂ ಬರೀಲಾ?" ಎಂದು ಕೇಳಿದೆ.

ಅಕ್ಕ ಖಾಲಿ ನೋಟ್ ಪುಸ್ತಕವೊಂದನ್ನು ನನ್ನ ಕಡೆ ತಳ್ಳಿದರು. "ಬದನಗುಪ್ಪೆ ಸ್ಟೇಷನ್ ಯಾರೂ ಬರ್ದಿಲ್ಲ. ಓಗಿ ನೋಡ್ಕಂಡು ಬರಿ. ಸುಮ್ನೆ ಕುಂತ್ಕಂಡು ಬರೀಬ್ಯಾಡ."

ಮರುದಿನವೇ ರಜೆ ಹಾಕಿ ರೈಲು ಹತ್ತಿದೆ.